ಮನೆಯ ಕಾರಿಗೆ ಹಿಂಬದಿಯ ಕೊಂಡಿ: ಹಾಕಿಸುವ ಮೊದಲು ತಿಳಿಯಬೇಕಾದ ಲೆಕ್ಕ

ಡಿಸೆಂಬರ್ ಬಂದಿತೆಂದರೆ ಗೋವಾದಲ್ಲಿ ಜಾತ್ರೆ ಮತ್ತು ಫೆಸ್ತಗಳ ಕಾಲ. 3ನೇ ತಾರೀಖಿಗೆ ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಉತ್ಸವ, ಅದರ ಬೆನ್ನಿಗೆ ಫಾತರ್ಪಾದ ಜಾತ್ರೆ, ವೈಶಾಖದಲ್ಲಿ ಶಿರಗಾಂವದ ಲೈರಾಯಿ ಜಾತ್ರೆ. ಬಳೆ, ಚಾದರ, ಆಟಿಕೆ, ಮಿರ್ಚಿ ಭಜಿಗಳ ಅಂಗಡಿ ಹೂಡುವವರಲ್ಲಿ ನಮ್ಮ ಶಾಲೆಗಳ ಪಾಲಕರೂ ಇದ್ದಾರೆ. ವಾರದ ದಿನಗಳಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಬಿಟ್ಟು ಬರುವ ಅದೇ ಕಾರು ರಜೆಯ ದಿನ ಸರಕಿನ ಗಾಡಿಯಾಗುತ್ತದೆ, ಚೌತಿಗೆ ಊರಿನ ದಾರಿ ಹಿಡಿಯುತ್ತದೆ, ಮರಳುವಾಗ ಜೋಳದ ಚೀಲ ಹೊತ್ತು ಅನಮೋಡ ಘಟ್ಟ ಇಳಿಯುತ್ತದೆ.

ಇಂಥ ಮನೆಗಳಿಂದ ನಮಗೆ ಬರುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಕಾರಿನ ಹಿಂದೆ ಕೊಂಡಿ ಹಾಕಿಸಿ ಗಾಡೆಯನ್ನೋ ಸಣ್ಣ ಟ್ರೇಲರನ್ನೋ ಎಳೆದೊಯ್ದರೆ ಟೆಂಪೊ ಬಾಡಿಗೆ ಉಳಿಯುವುದಿಲ್ಲವೇ ಎಂಬುದು ಮೊದಲನೆಯದು. ಹೇರಿದಾಗ ಕಾರಿನ ಹಿಂಭಾಗ ಕುಳಿತುಬಿಡುತ್ತದೆ, ಗ್ಯಾರೇಜಿನವರು ಗಟ್ಟಿ ಸ್ಪ್ರಿಂಗ್ ಹಾಕಿಸಿ ಎನ್ನುತ್ತಾರೆ, ಹಾಕಿಸಬಹುದೇ ಎಂಬುದು ಎರಡನೆಯದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಕಾರಿನ ಹಿಂದಿನ ಅಚ್ಚಿನ ಮೇಲೆ ಎಷ್ಟು ಭಾರ ಬೀಳಬಹುದು ಎಂಬ ಒಂದೇ ಲೆಕ್ಕಕ್ಕೆ ಸೇರಿದವು. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇವೆ.

ಪ್ರತಿಯೊಂದು ಕಾರಿಗೂ ತಯಾರಕರು ಒಟ್ಟು ತೂಕದ ಮಿತಿಯೊಂದನ್ನು ನಿಗದಿಪಡಿಸಿರುತ್ತಾರೆ. ಖಾಲಿ ಕಾರು, ಇಂಧನ, ಜನ, ಸಾಮಾನು ಎಲ್ಲವೂ ಆ ಮಿತಿಯೊಳಗೆ ಬರಬೇಕು. ಇದು ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಏಳು ಆಸನಗಳ ಕಾರೊಂದರ ಖಾಲಿ ತೂಕ 1,200 ಕಿಲೊ, ಒಟ್ಟು ಮಿತಿ 1,750 ಕಿಲೊ ಎಂದಿಟ್ಟುಕೊಳ್ಳೋಣ. ಉಳಿಯುವುದು 550 ಕಿಲೊ. ತಲಾ 65 ಕಿಲೊದ ನಾಲ್ವರು ಹಿರಿಯರು, ತಲಾ 30 ಕಿಲೊದ ಇಬ್ಬರು ಮಕ್ಕಳು ಕುಳಿತರೆ 320 ಕಿಲೊ ಮುಗಿಯಿತು. ಐವತ್ತು ಕಿಲೊದ ಎರಡು ಜೋಳದ ಚೀಲ, ಒಲೆ, ಪಾತ್ರೆ, ಬಟ್ಟೆಗಂಟುಗಳೆಂದು ಇನ್ನೊಂದು 80 ಕಿಲೊ ಸೇರಿಸಿದರೆ 500 ಕಿಲೊ. ಇನ್ನು 50 ಕಿಲೊಗೆ ಮಾತ್ರ ಎಡೆ ಉಂಟು. ಇದಿಷ್ಟೂ ಟ್ರೇಲರ್ ಇಲ್ಲದೆ.

ಟ್ರೇಲರ್ ತನ್ನ ಭಾರವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಹೊರುವುದಿಲ್ಲ. ಅದರ ಮೂತಿ ಕಾರಿನ ಕೊಂಡಿಯ ಮೇಲೆ ಒರಗಿರುತ್ತದೆ. ಈ ಮೂತಿಭಾರ ಟ್ರೇಲರಿನ ಒಟ್ಟು ತೂಕದ ಶೇ. 5ರಿಂದ 7ರಷ್ಟಿರಬೇಕೆಂಬುದು ಬ್ರಿಟನ್ನಿನ ರೂಢಿ, ಅಮೆರಿಕದಲ್ಲಿ ಶೇ. 10ರಿಂದ 15. ಅದು 60 ಕಿಲೊ ಎಂದುಕೊಂಡರೆ ಕಾರಿನ ಲೆಕ್ಕಕ್ಕೆ 60 ಕಿಲೊ ಸೇರುತ್ತದೆ. ಮೇಲಿನ ಉದಾಹರಣೆಯ ಕಾರು ಅಲ್ಲಿಗೇ ಮಿತಿ ಮೀರಿತು. ಆದರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 60 ಕಿಲೊ ಮಾತ್ರವಲ್ಲ. ಕೊಂಡಿಯು ಹಿಂದಿನ ಅಚ್ಚಿಗಿಂತ ಸುಮಾರು ಒಂದು ಮೀಟರ್ ಹಿಂದಿರುತ್ತದೆ. ಮುಂದಿನ ಹಿಂದಿನ ಅಚ್ಚುಗಳ ನಡುವೆ 2.7 ಮೀಟರ್ ಅಂತರವಿದ್ದರೆ, ಸನ್ನೆಗೋಲಿನ ನಿಯಮದಂತೆ ಹಿಂದಿನ ಅಚ್ಚಿಗೆ ಸುಮಾರು 82 ಕಿಲೊ ಹೆಚ್ಚುತ್ತದೆ, ಮುಂದಿನ ಅಚ್ಚಿನಿಂದ ಸುಮಾರು 22 ಕಿಲೊ ಇಳಿಯುತ್ತದೆ. ಎಂಟನೇ ತರಗತಿಯ ಮಗುವಿಗೆ ಈ ಲೆಕ್ಕ ಮಾಡಲು ಕೊಟ್ಟರೆ ಪಾಠವೂ ಆದೀತು.

ಮುಂದಿನ ಅಚ್ಚು ಹಗುರಾಗುವುದು ಸಣ್ಣ ವಿಷಯವಲ್ಲ. ಇಂದಿನ ಕುಟುಂಬದ ಕಾರುಗಳಲ್ಲಿ ಬಹುತೇಕ ಎಲ್ಲವೂ ಮುಂದಿನ ಚಕ್ರಗಳಿಂದಲೇ ಚಲಿಸುತ್ತವೆ, ಮುಂದಿನ ಚಕ್ರಗಳಿಂದಲೇ ತಿರುಗುತ್ತವೆ, ತಡೆಯ ಹೆಚ್ಚಿನ ಪಾಲನ್ನೂ ಮುಂದಿನ ಚಕ್ರಗಳೇ ಹೊರುತ್ತವೆ. ಜುಲೈ ತಿಂಗಳ ಮಳೆಯಲ್ಲಿ ಮೊಲೆಂ ದಾಟಿ ಘಟ್ಟ ಏರುವಾಗ ಆ ಚಕ್ರಗಳು ಒದ್ದೆ ಡಾಂಬರಿನ ಮೇಲೆ ಹಿಡಿತ ತಪ್ಪಿ ಸುಮ್ಮನೆ ತಿರುಗಲಾರಂಭಿಸಿದರೆ ಹಿಂದಿರುವ ಭಾರ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂಭಾಗ ಕುಳಿತು ಮೂತಿ ಎತ್ತಿದ ಕಾರಿನ ದೀಪಗಳು ರಾತ್ರಿ ಎದುರಿನವರ ಕಣ್ಣಿಗೇ ನೇರವಾಗಿ ಹೊಡೆಯುವುದನ್ನು ಚೋರ್ಲಾ ಘಟ್ಟದಲ್ಲಿ ಓಡಾಡಿದವರೆಲ್ಲ ಬಲ್ಲರು.

ಸ್ಪ್ರಿಂಗಿನ ಮಾತು

ಕಾರಿನ ಹಿಂಭಾಗವನ್ನು ಹೊರುವ ವ್ಯವಸ್ಥೆ ನಮ್ಮಲ್ಲಿ ಎರಡು ಬಗೆಯದು. ಬೊಲೆರೊದಂಥ ವಾಹನಗಳಲ್ಲಿ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ, ಗ್ಯಾರೇಜಿನವರು ಪಾಟಾ ಎನ್ನುವ ಲೀಫ್ ಸ್ಪ್ರಿಂಗ್. ಎರ್ಟಿಗಾದಂಥ ಕಾರುಗಳಲ್ಲಿ ಸುರುಳಿ ಸುತ್ತಿದ ಕಾಯಿಲ್ ಸ್ಪ್ರಿಂಗ್. ಪಾಟಾ ಭಾರಕ್ಕೆ ಹೇಳಿ ಮಾಡಿಸಿದ್ದು. ಖಾಲಿ ಇದ್ದಾಗ ಕುಲುಕುತ್ತದೆ, ಹೇರಿದಾಗ ನೆಟ್ಟಗೆ ನಿಲ್ಲುತ್ತದೆ. ಕಾಯಿಲ್ ಸ್ಪ್ರಿಂಗ್ ಕುಳಿತವರ ಸುಖಕ್ಕೆ ಒಳ್ಳೆಯದು, ಹೇರಿದಂತೆ ಬೇಗ ಕುಗ್ಗುತ್ತದೆ.

ಹಿಂಭಾಗ ಕುಳಿತಿದೆಯೆಂದು ದೂರುವವರಿಗೆ ನಾವು ಮೊದಲು ಹೇಳುವುದು ಹಳೆಯ ಭಾಗಗಳನ್ನು ಪರೀಕ್ಷಿಸಿ ಎಂದು. ಸಮತಟ್ಟಾದ ನೆಲದಲ್ಲಿ ಖಾಲಿ ಕಾರನ್ನು ನಿಲ್ಲಿಸಿ ಹಿಂದಿನ ಎರಡೂ ಚಕ್ರಗಳ ನಡುಮಧ್ಯದಿಂದ ಮೇಲಿನ ಕಮಾನಿನವರೆಗೆ ಟೇಪಿನಲ್ಲಿ ಅಳೆಯಿರಿ. ಎಡಬಲಗಳಲ್ಲಿ ಎದ್ದುಕಾಣುವ ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ವಾಸ್ಕೊ, ಬಾಯಣಾಗಳ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಸ್ಪ್ರಿಂಗಿನ ಕೊನೆಯ ಸುತ್ತು ತುಕ್ಕು ತಿಂದು ತುಂಡಾಗುವುದುಂಟು. ಹೊರಗಿನಿಂದ ಕಾಣುವುದೂ ಇಲ್ಲ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಒಸರಿದ್ದರೆ ಅದರ ಆಯುಷ್ಯ ಮುಗಿದಿದೆ. ಇವನ್ನು ಅದೇ ತಯಾರಕರ, ಅದೇ ಮಾದರಿಯ ಹೊಸ ಭಾಗಗಳಿಂದ, ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿದರೆ ಎಷ್ಟೋ ಕಾರುಗಳ ದೂರು ಅಲ್ಲಿಗೇ ತೀರುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಅದಕ್ಕಿಂತ ಮುಂದೆ ಹೋಗುವವರ ಮುಂದೆ ಹಲವು ದಾರಿಗಳಿವೆ. ಅಗ್ಗದ್ದೆಂದರೆ ಸುರುಳಿಯ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್. ಎಲ್ಲ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ನಾವು ಇದನ್ನು ಮೆಚ್ಚುವುದಿಲ್ಲ. ಬಫರ್ ಕುಳಿತ ಸುತ್ತು ಅಲುಗುವುದು ನಿಂತು ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಖಾಲಿ ಇರುವಾಗ ಹಿಂಭಾಗ ನೆಗೆಯುತ್ತದೆ. ಸುರುಳಿಯೊಳಗೆ ಕೂರುವ ಗಾಳಿಚೀಲ ಇದಕ್ಕಿಂತ ಜಾಣತನದ್ದು, ಹೇರಿದಾಗ ಗಾಳಿ ತುಂಬಿ ಇಳಿಸಿದಾಗ ತೆಗೆಯಬಹುದು. ಆದರೆ ಎರಡು ಬದಿಗೂ ಒತ್ತಡ ಸಮನಾಗಿರುವಂತೆ ನೋಡಿಕೊಳ್ಳುವ ಶಿಸ್ತು ಬೇಕು. ದಪ್ಪ ತಂತಿಯ ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಹಾಕಿಸಬೇಕು. ಇಲ್ಲವಾದರೆ ಒಮ್ಮೆ ಕುಣಿದ ಕಾರು ಕುಣಿಯುತ್ತಲೇ ಇರುತ್ತದೆ. ಪಾಟಾ ಇರುವ ಗಾಡಿಗೆ ಇನ್ನೊಂದು ಪಟ್ಟಿ ಸೇರಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ.

ಇವುಗಳಲ್ಲಿ ಯಾವುದೂ ಕಾರಿನ ತೂಕದ ಮಿತಿಯನ್ನು ಒಂದು ಕಿಲೊದಷ್ಟೂ ಹೆಚ್ಚಿಸುವುದಿಲ್ಲ. ಸ್ಪ್ರಿಂಗ್ ಗಟ್ಟಿಯಾದರೆ ಹಿಂಭಾಗ ಕೂರುವುದು ನಿಲ್ಲುತ್ತದೆ, ಅಷ್ಟೇ. ಬ್ರೇಕು ಅದೇ, ಅಚ್ಚು ಅದೇ, ಚಕ್ರದ ಬೇರಿಂಗು ಅದೇ, ಟಯರೂ ಅದೇ. ಟಯರಿನ ಬದಿಯಲ್ಲಿ ಅಳತೆಯ ಮುಂದೆ ಒಂದು ಸಂಖ್ಯೆ ಇರುತ್ತದೆ: 84 ಎಂದರೆ ಆ ಒಂದು ಟಯರ್ 500 ಕಿಲೊ ಹೊರಬಲ್ಲದು, 88 ಎಂದರೆ 560 ಕಿಲೊ. ಕುಳಿತ ಕಾರು ನೋಡುವವರಿಗೆ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ಆ ಎಚ್ಚರಿಕೆಯೂ ಇಲ್ಲವಾಗುತ್ತದೆ. ಘಟ್ಟ ಇಳಿಯುವಾಗ ಕಾದ ಬ್ರೇಕಿಗೆ ಮಾತ್ರ ನಿಜವಾದ ತೂಕ ಗೊತ್ತಿರುತ್ತದೆ.

ಕೊಂಡಿ ಮತ್ತು ಕಾನೂನು

ಈಗ ಕೊಂಡಿಗೆ ಬರೋಣ. ನಮ್ಮ ದೇಶದ ಅನೇಕ ಕುಟುಂಬದ ಕಾರುಗಳ ಕೈಪಿಡಿಯಲ್ಲಿ, ಈ ವಾಹನವನ್ನು ಜನ ಮತ್ತು ಸಾಧಾರಣ ಸಾಮಾನು ಒಯ್ಯಲು ರೂಪಿಸಲಾಗಿದೆ, ಟ್ರೇಲರ್ ಎಳೆಯಲು ಅಲ್ಲ ಎಂಬ ಅರ್ಥದ ಮಾತಿರುತ್ತದೆ. ಯಾರೂ ಓದದ ಪುಟವದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಆ ಮಾತಿದ್ದರೆ ವಿಚಾರವನ್ನು ಅಲ್ಲಿಗೇ ಬಿಡುವುದು ಲೇಸು. ಮುಂದೆ ಅಥವಾ ಹಿಂದೆ ತಿರುಪಿ ಕೂರಿಸುವ ಉಕ್ಕಿನ ಬಳೆಯೊಂದನ್ನು ಕಾರಿನ ಜೊತೆಗೇ ಕೊಟ್ಟಿರುತ್ತಾರಲ್ಲ, ಅದು ಕೆಟ್ಟುನಿಂತ ಕಾರನ್ನು ಎಳೆಯಲು ಮಾತ್ರ. ಟ್ರೇಲರ್ ಕಟ್ಟಲು ಅಲ್ಲ.

ಕಾನೂನಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ತಪ್ಪು ತಿಳಿವಳಿಕೆ ಇಲ್ಲಿಯೇ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಎಂಬ ಪದದ ವ್ಯಾಖ್ಯೆಯೊಳಗೇ ಟ್ರೇಲರ್ ಸೇರಿದೆ. ಅದಕ್ಕೆ ಎಂಜಿನ್ ಇಲ್ಲದಿರಬಹುದು, ನೋಂದಣಿ ಮಾತ್ರ ಬೇಕು. 61ನೇ ಕಲಮಿನ ಪ್ರಕಾರ ಟ್ರೇಲರಿನ ಸ್ವಂತ ನೋಂದಣಿ ಸಂಖ್ಯೆ ಅದರ ಬದಿಯಲ್ಲಿರಬೇಕು. ಜೊತೆಗೆ ಎಳೆಯುವ ವಾಹನದ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕು. ಬೆಸುಗೆ ಅಂಗಡಿಯಲ್ಲಿ ಮಾಡಿಸಿದ ಗಾಡೆಗೆ ಇವೆರಡೂ ಇಲ್ಲ. ಗಾಡೆಯ ಚಕ್ರಗಳು ಪೇಟೆಯ ಮೂಲೆಯಿಂದ ಮೂಲೆಗೆ ಕೈಯಲ್ಲಿ ತಳ್ಳುವುದಕ್ಕೆ ಮಾಡಿದವು; ಗಂಟೆಗೆ 50 ಕಿಲೊಮೀಟರ್ ವೇಗಕ್ಕೆ ಅವುಗಳ ಬೇರಿಂಗು ಬಾಳುವುದಿಲ್ಲ.

ಕಾರಿನ ಮಾರ್ಪಾಟಿನ ವಿಷಯ ಇನ್ನೊಂದು. 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಆಗಬಹುದು. ಕಾರಿನ ಮುಂದೆ ಹಾಕಿಸುತ್ತಿದ್ದ ಉಕ್ಕಿನ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದೂ ಇದೇ 52ನೇ ಕಲಮಿನ ಆಧಾರದಿಂದ. ಶೋಭೆಗೆಂದು ಹಿಂದಿನ ಬಂಪರಿಗೆ ಉಕ್ಕಿನ ಗುಂಡು ಕೂರಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಹಿಂದಿನಿಂದ ಬಂದ ಸ್ಕೂಟರಿನವರ ಮೊಣಕಾಲಿಗೆ ಮೊದಲು ತಾಗುವುದು ಅದೇ ಗುಂಡು.

ಇನ್ನು ವಿಮೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂಬ ಭಾಗವನ್ನು ತೆರೆದು ನೋಡಿ. ಬಾಡಿಗೆಗೆ ಓಡಿಸುವುದು, ಸ್ವಂತ ಲಗೇಜು ಮತ್ತು ಮಾದರಿ ವಸ್ತುಗಳ ಹೊರತಾದ ಸರಕು ಸಾಗಿಸುವುದು ಇವೆಲ್ಲ ಅಲ್ಲಿ ಹೊರಗಿಟ್ಟ ಬಳಕೆಗಳು. ಜಾತ್ರೆಗೆ ಒಯ್ಯುವ ನೂರು ಚಾದರಗಳು ಲಗೇಜೋ ಸರಕೋ ಎಂದು ಅಪಘಾತದ ಮರುದಿನ ಕೇಳುವವರು ಬರುತ್ತಾರೆ. ಟೆಂಪೊ ಬಾಡಿಗೆಯಲ್ಲಿ ಉಳಿಸಿದ ಹಣಕ್ಕೂ ಆ ದಿನ ಎದುರಾಗಬಹುದಾದ ಪರಿಹಾರದ ಮೊತ್ತಕ್ಕೂ ಹೋಲಿಕೆಯೇ ಇಲ್ಲ. ಮನೆ ಮಾರಿಕೊಳ್ಳುವ ಪರಿಸ್ಥಿತಿ ಬಂದರೆ ಮೊದಲು ನಿಲ್ಲುವುದು ಮಕ್ಕಳ ಓದು.

ಹೀಗಾಗಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ನಮ್ಮ ಬಹುಪಾಲು ಮನೆಗಳಿಗೆ ಕೊಂಡಿ ಬೇಡ. ಗಾಡೆ ಒಯ್ಯಬೇಕಾದ ದಿನ ಒಂದು ಛೋಟಾ ಹಾತಿಯನ್ನೋ ಪಿಕಪ್ಪನ್ನೋ ಬಾಡಿಗೆಗೆ ತೆಗೆದುಕೊಳ್ಳಿ. ಒಂದೇ ಓಣಿಯ ಮೂರು ನಾಲ್ಕು ಅಂಗಡಿಯವರು ಕೂಡಿದರೆ ಬಾಡಿಗೆ ಹಂಚಿಹೋಗುತ್ತದೆ. ಜೋಳ, ಅಕ್ಕಿಯ ಚೀಲಗಳನ್ನು ಬಸ್ಸಿನ ಲಗೇಜಿಗೆ ಹಾಕಿ, ಕಾರಿನಲ್ಲಿ ಜನ ಮಾತ್ರ ಬನ್ನಿ. ಚೀಲವನ್ನು ಕಾರಿನಲ್ಲೇ ತರಬೇಕೆಂದಿದ್ದರೆ ಹಿಂದಿನ ಅಚ್ಚಿಗೆ ಆದಷ್ಟು ಹತ್ತಿರ, ನೆಲಮಟ್ಟದಲ್ಲಿ, ಆಸನದ ಬೆನ್ನಿಗೆ ಒತ್ತಿ ಕಟ್ಟಿಡಿ. ಡಿಕ್ಕಿಯ ಬಾಗಿಲ ಅಂಚಿಗೆ ಇಟ್ಟರೆ ಸನ್ನೆಗೋಲಿನ ಲೆಕ್ಕ ಮತ್ತೆ ಕೆಲಸ ಮಾಡುತ್ತದೆ.

ಕೊಂಡಿ ಬೇಕೇ ಬೇಕು ಎನ್ನುವ ಮನೆಗಳೂ ಇಲ್ಲದಿಲ್ಲ. ಸಣ್ಣ ದೋಣಿ ಇಟ್ಟುಕೊಂಡವರು, ತೋಟದ ಕೆಲಸಕ್ಕೆ ಟ್ರೇಲರ್ ಬೇಕಾದವರು ಇದ್ದಾರೆ. ಅವರಿಗೆ ಕೆಲವು ಮಾತು. ವಾಹನ ಪ್ರತ್ಯೇಕ ಚಾಸಿ ಇರುವಂಥದ್ದಾಗಿರಲಿ, ಎಳೆಯಬಹುದಾದ ತೂಕವನ್ನು ತಯಾರಕರು ಬರೆದುಕೊಟ್ಟಿರಲಿ. ಕೊಂಡಿಯನ್ನು ಚಾಸಿಯ ಎರಡೂ ತೊಲೆಗಳಿಗೆ ಬೋಲ್ಟಿನಿಂದ ಬಿಗಿಯಬೇಕು. ಬಂಪರಿಗೆ ಅಥವಾ ತೆಳು ತಗಡಿಗೆ ಬೆಸುಗೆ ಹಾಕಿಸಿದ್ದು ಒಂದು ದಿನ ತಗಡಿನ ಸಮೇತ ಕಿತ್ತುಬರುತ್ತದೆ. ಗುಂಡು ಕೊಂಡಿಯಲ್ಲಿ ಕಾಯಮ್ಮಾಗಿ ನಿಂತಿರುವುದು, ಕಳಚಿಡಬಹುದಾದದ್ದು ಎಂದು ಎರಡು ಬಗೆ. ಕಾಯಂ ಕೊಂಡಿ ಅಗ್ಗ ಮತ್ತು ಗಟ್ಟಿ, ಆದರೆ ಗೋವಾದ ರಸ್ತೆಯುಬ್ಬುಗಳಿಗೆ ತಾಗುತ್ತದೆ, ಹಿಂದಿನಿಂದ ಗುದ್ದಿದ ಪೆಟ್ಟನ್ನು ನೇರವಾಗಿ ಚಾಸಿಗೆ ಸಾಗಿಸುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಎಳೆಯುವವರಿಗೆ ಕಳಚುವಂಥದ್ದೇ ಮೇಲು. ಗುಂಡಿನ ಅಳತೆಯನ್ನೂ ನೋಡಬೇಕು: ಯುರೋಪಿನದು 50 ಮಿಲಿಮೀಟರ್, ಅಮೆರಿಕದ ಎರಡು ಇಂಚಿನದು 50.8. ಕಣ್ಣಿಗೆ ಒಂದೇ. ಆದರೆ ಎರಡು ಇಂಚಿನ ಬಟ್ಟಲನ್ನು 50ರ ಗುಂಡಿನ ಮೇಲೆ ಕೂರಿಸಿದರೆ ಸಡಿಲಾಗಿ, ಗುಂಡಿ ಬಿದ್ದ ರಸ್ತೆಯಲ್ಲಿ ಎಗರಿ ಕಳಚಬಹುದು. ಅದಕ್ಕೆಂದೇ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಹಾಯುವಂತೆ ಕಟ್ಟುತ್ತಾರೆ. ಕಳಚಿದ ಮೂತಿ ನೆಲಕ್ಕೆ ಬೀಳದೆ ಆ ಜೋಲಿಯಲ್ಲಿ ನಿಲ್ಲುತ್ತದೆ.

ಟ್ರೇಲರಿಗೆ ಸ್ವಂತ ಬ್ರೇಕು ಬೇಕೇ? ಯುರೋಪಿನಲ್ಲಿ ಒಟ್ಟು ತೂಕ 750 ಕಿಲೊ ದಾಟಿದರೆ ಕಡ್ಡಾಯ. ಘಟ್ಟದಲ್ಲಿ ಓಡಾಡುವವರು ಅದಕ್ಕಿಂತ ಕಡಿಮೆ ತೂಕಕ್ಕೂ ಬ್ರೇಕು ಇರುವ ಟ್ರೇಲರನ್ನೇ ಆರಿಸಿಕೊಳ್ಳಲಿ ಎಂಬುದು ನಮ್ಮ ಸಲಹೆ. ಹೇರುವಾಗ ಭಾರವಾದದ್ದು ಟ್ರೇಲರಿನ ಅಚ್ಚಿನ ಮೇಲೆ, ಅದರಿಂದ ತುಸು ಮುಂದಕ್ಕೆ ಇರಬೇಕು. ಭಾರ ಹಿಂದೆ ಬಿದ್ದರೆ ಮೂತಿ ಹಗುರಾಗಿ ಟ್ರೇಲರ್ ಬಾಲದಂತೆ ಆಡುತ್ತದೆ, ಕೊನೆಗೆ ಕಾರನ್ನೇ ಆಡಿಸುತ್ತದೆ. ಜುವಾರಿ ಸೇತುವೆಯ ಮೇಲಿನ ಅಡ್ಡಗಾಳಿಯಲ್ಲಿ ಇದು ಬೇಗ ಗೊತ್ತಾಗುತ್ತದೆ. ಆಡತೊಡಗಿದಾಗ ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಬಾರದು, ಬ್ರೇಕನ್ನು ಒಮ್ಮೆಲೇ ತುಳಿಯಬಾರದು, ವೇಗ ಹೆಚ್ಚಿಸಿ ನೆಟ್ಟಗೆ ಮಾಡುತ್ತೇನೆಂಬ ಸಾಹಸವಂತೂ ಕೂಡದು. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯುವವರೆಗೆ ಕಾಯಬೇಕು. ಟ್ರೇಲರಿನೊಳಗೆ ಮಕ್ಕಳನ್ನಾಗಲಿ ಆಳುಗಳನ್ನಾಗಲಿ ಕೂರಿಸುವುದು ಎಷ್ಟು ಹತ್ತಿರದ ದಾರಿಗೂ ಸಲ್ಲದು.

ಘಟ್ಟ ಇಳಿಯುವ ಕ್ರಮ ಹೇರಿದ ಕಾರಿಗೂ ಟ್ರೇಲರ್ ಕಟ್ಟಿದ ವಾಹನಕ್ಕೂ ಒಂದೇ. ಏರಲು ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕು ಕಾದು, ಹಳೆಯ ಬ್ರೇಕ್ ಆಯಿಲ್ ಕುದಿದು, ಪೆಡಲು ಮೆತ್ತಗೆ ಒಳಗಿಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ, ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ನಾಲ್ಕು ತಿಂಗಳು ಮಳೆ ಸುರಿಯುವ ಈ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಗಟ್ಟಿ ಸ್ಪ್ರಿಂಗಿಗಿಂತ ಹೆಚ್ಚು ಉಪಯೋಗದ ಖರ್ಚು.

ಕಡೆಯದಾಗಿ ಹಗ್ಗದ ಮಾತು. ಕಾರು ದಾರಿಯಲ್ಲಿ ಕೆಟ್ಟರೆ ಇನ್ನೊಂದು ಕಾರಿಗೆ ಹಗ್ಗ ಕಟ್ಟಿ ಎಳೆಸುವುದು ನಮ್ಮವರ ಮೊದಲ ಯೋಚನೆ. ರಸ್ತೆ ನಿಯಮಗಳು ಇದನ್ನು ಹತ್ತಿರದ ಗ್ಯಾರೇಜು ಅಥವಾ ಪೆಟ್ರೋಲ್ ಪಂಪಿನವರೆಗೆ ಮಾತ್ರ ಒಪ್ಪುತ್ತವೆ. 1989ರ ನಿಯಮಾವಳಿಯಲ್ಲಿ ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದೆಂದೂ ವೇಗ ಗಂಟೆಗೆ 24 ಕಿಲೊಮೀಟರ್ ದಾಟಬಾರದೆಂದೂ ಬರೆದಿತ್ತು. ಹಿಂದಿನ ಕಾರಿನಲ್ಲಿ ಲೈಸೆನ್ಸ್ ಇರುವವರು ಸ್ಟಿಯರಿಂಗ್ ಹಿಡಿದಿರಬೇಕು. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿನ ಬೂಸ್ಟರ್ ಒಂದೆರಡು ತುಳಿತಕ್ಕೆ ಖಾಲಿಯಾಗಿ ಪೆಡಲು ಕಲ್ಲಿನಂತಾಗುತ್ತದೆ, ಸ್ಟಿಯರಿಂಗೂ ಭಾರವಾಗುತ್ತದೆ. ಸಮತಟ್ಟಾದ ಊರಿನಲ್ಲಿ ಹೇಗೋ ನಡೆದೀತು. ಅನಮೋಡ, ಚೋರ್ಲಾಗಳ ಇಳಿಜಾರಿನಲ್ಲಿ ಹಗ್ಗ ಕಟ್ಟಲೇಬೇಡಿ. ಹಿಂದಿನ ಕಾರು ಮುಂದಿನದನ್ನು ಗುದ್ದುವುದು ನಿಶ್ಚಿತ. ಮಕ್ಕಳನ್ನು ಕಾರಿನಿಂದ ಇಳಿಸಿ ತಿರುವಿನಿಂದ ದೂರ, ರಸ್ತೆಯಂಚಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಚ್ಚರಿಕೆಯ ದೀಪ ಹಾಕಿ, ಕಾರನ್ನು ಪೂರ್ತಿ ಮೇಲೆತ್ತಿ ಒಯ್ಯುವ ಲಾರಿಯನ್ನು ಕರೆಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಕರೆಗೆ 112. ಘಟ್ಟದ ಎಷ್ಟೋ ತಿರುವುಗಳಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ದಾಟುವ ಬಸ್ಸಿನ ಚಾಲಕರ ಮೂಲಕ ಕೆಳಗಿನ ಚೆಕ್‌ಪೋಸ್ಟಿಗೆ ಸುದ್ದಿ ಕಳುಹಿಸಿ.